ಕೆಂಪು ಬೊಟ್ಟು ಇಟ್ಟ ಗಾಡಿ

ನಮ್ಮ ಮನೆಯವರು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ಗುಂಡಿಯಲ್ಲಿ ನಿಂತು, ಬರೀ ಸದ್ದು ಕೇಳಿಯೇ ಎಲ್ಲಿ ಏನು ಸವೆದಿದೆ ಎಂದು ಹೇಳುತ್ತಿದ್ದರು. ಕಂಪನಿಯಲ್ಲಿ ಅವರಿಗೆ 'ಕಿವಿ ಮೇಸ್ತ್ರಿ' ಎಂದೇ ಹೆಸರು. ಮನೆಯಲ್ಲಿ ನಾನು ಮೂರು ಸಲ ಕೂಗಿದರೂ ಆ ಕಿವಿಗೆ ಬೀಳುತ್ತಿರಲಿಲ್ಲ, ಆ ಮಾತು ಬೇರೆ.

ಐವತ್ತು ತುಂಬಿದ ವಾರ ಆಟಿಕೆ ಅಂಗಡಿಯಿಂದ ಒಂದು ರಿಮೋಟ್ ಟ್ರಕ್ ತಂದರು. ಹೊಸದಾಗಿ ಕಲಿಯುವವರಿಗೆಂದು ಮಾಡಿದ, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಗಾಡಿ.

"ಯಾರಿಗ್ರೀ ಇದು?" ಎಂದೆ.

"ನನಗೇ ಕಣೆ" ಎಂದರು. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ತಿಂಗಳೊಳಗೆ ನನ್ನ ಊಟದ ಮೇಜು ವರ್ಕ್‌ಶಾಪ್ ಆಯಿತು. ಮೊದಲು ಟೈರ್ ಬದಲಾಯಿತು, ಆಮೇಲೆ ಸ್ಪ್ರಿಂಗು, ಬೇರಿಂಗು. ಪ್ಲಾಸ್ಟಿಕ್ ಗೇರುಗಳ ಹಲ್ಲು ಉದುರಲು ಶುರುವಾದಾಗ ಉಕ್ಕಿನವು ತರಿಸಿ, ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿ ಕೂರಿಸಿದರು. ಹನ್ನೊಂದು ಭಾನುವಾರ ಹಿಡಿಯಿತು. ಕೊನೆಗೆ ಗೇರುಪೆಟ್ಟಿಗೆ ಮುಚ್ಚಿ, ಸ್ಕ್ರೂಗಳ ತಲೆಯ ಮೇಲೆ ಒಂದೊಂದು ಕೆಂಪು ಬಣ್ಣದ ಬೊಟ್ಟು ಇಟ್ಟರು. ಅದು ಅವರ ಕಂಪನಿಯ ಪದ್ಧತಿ. ಒಬ್ಬ ಕೆಲಸ ಮುಗಿಸಿ ಬೊಟ್ಟು ಇಟ್ಟರೆ, ಅದು ಒಡೆಯದೆ ಇರುವ ತನಕ ಒಳಗೆ ಯಾರೂ ಕೈ ಹಾಕಿಲ್ಲವೆಂದು ಅರ್ಥ. ಮತ್ತೆ ಬಿಚ್ಚಿ ನೋಡುವುದು ಕೆಲಸ ಮಾಡಿದವನಿಗೆ ಅವಮಾನ.

ಈ ಪದ್ಧತಿ ನನ್ನ ಮೈದುನನಿಗೂ ಗೊತ್ತು. ಅವನನ್ನು ಹತ್ತನೇ ವಯಸ್ಸಿನಿಂದ ಸಾಕಿದವಳು ನಾನು, ಅದೇ ಕಂಪನಿಗೆ ಸೇರಿಸಿದವರು ಇವರು. ಅಣ್ಣನ ಗಾಡಿ ನೋಡಿ ಅವನೂ ಅದೇ ಮಾದರಿಯದೊಂದು ಕೊಂಡ. ಕಲಿಯುವುದಕ್ಕೆ ಬೇಕೆಂದು ಅಣ್ಣನ ಹಳೇ ಪ್ಲಾಸ್ಟಿಕ್ ಗೇರುಗಳನ್ನೂ ಕೇಳಿ ಒಯ್ದ. ಆಮೇಲೆ ಒಂದು ದಿನ, "ಅಣ್ಣ, ನಿನ್ನ ಗಾಡಿಗೆ ಒಳ್ಳೆ ಬಣ್ಣ ಹೊಡೆದು ತರ್ತೀನಿ" ಎಂದು ಗಾಡಿಯನ್ನೇ ಒಯ್ದವನು ವಾರ ಬಿಟ್ಟು ತಂದುಕೊಟ್ಟ. ನೀಲಿ ಬಣ್ಣ ಚೆನ್ನಾಗಿಯೇ ಇತ್ತು.

ಅವತ್ತೇ ಇವರು ಗಾಡಿ ಓಡಿಸಿ ಹುಬ್ಬು ಗಂಟಿಕ್ಕಿದರು. "ಒಳಗೆ ಏನೋ ಕಟಕಟ ಅಂತಿದೆಯಲ್ಲೋ."

"ನನಗೇನೂ ಕೇಳಿಸ್ತಿಲ್ಲ. ಬೊಟ್ಟು ನೋಡು, ನೀನಿಟ್ಟ ಹಾಗೇ ಇದೆ. ಕಿವಿಗೆ ವಯಸ್ಸಾಯ್ತು ಅಣ್ಣ, ಬೇಜಾರು ಮಾಡ್ಕೋಬೇಡ."

ಇವರು ನನ್ನ ಕಡೆ ತಿರುಗಿದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ನಾನು, "ನನಗೆ ಎಲ್ಲಾ ಗಾಡೀದೂ ಒಂದೇ ಸದ್ದು" ಎಂದುಬಿಟ್ಟೆ. ಆ ಮಾತಿಗೆ ನನ್ನ ನಾಲಿಗೆಯನ್ನು ನಾನೇ ಇವತ್ತಿಗೂ ಶಪಿಸುತ್ತೇನೆ.

ಬೊಟ್ಟು ಒಡೆದಿಲ್ಲ, ಇಟ್ಟವರು ಅವರೇ. ಬಿಚ್ಚಿ ನೋಡಲಿಲ್ಲ. ಆದರೆ ಹತ್ತು ದಿನ ಸರಿಯಾಗಿ ಊಟ ಸೇರಲಿಲ್ಲ. ಲಿಫ್ಟ್‌ಗಳ ಹತ್ತಿರವೂ ತಲೆ ಓರೆ ಮಾಡಿ ನಿಂತು, ಕೇಳಿಸಿದ್ದು ನಿಜವೋ ಸುಳ್ಳೋ ಎಂದು ಒದ್ದಾಡುತ್ತಿದ್ದರಂತೆ. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದರು, "ತಪಾಸಣೆ ಕೆಲಸ ಬಿಟ್ಟುಕೊಟ್ಟೆ ಕಣೆ. ಜನ ಹತ್ತೋ ಲಿಫ್ಟ್ ಅದು. ಇಲ್ಲದ ಸದ್ದು ಕೇಳಿಸೋನು, ಇರೋ ಸದ್ದು ಬಿಟ್ಟರೆ?" ಅವರನ್ನು ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ತಪಾಸಣೆ ಮೈದುನನ ಪಾಲಿಗೆ ಬಂತು. "ಹೋಗಲಿ, ಮನೆಯವನಿಗೇ ಸಿಕ್ಕಿತಲ್ಲ" ಎಂದು ಸಿಹಿ ಮಾಡಿ ಬಡಿಸಿದವಳು ನಾನೇ!

ಮುಂದಿನ ತಿಂಗಳು ಮೈದಾನದಲ್ಲಿ ಗಾಡಿಗಳ ಪಂದ್ಯ. ಇವರು ಆಡಲು ಒಪ್ಪದೆ, ನೋಡುವುದಕ್ಕೆಂದು ನನ್ನ ಜೊತೆ ಬೇಲಿಯ ಹತ್ತಿರ ನಿಂತರು. ತಮ್ಮ ಗಾಡಿಯನ್ನು ಸುಮ್ಮನೆ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಒಂಬತ್ತು ಗಾಡಿ ಒಟ್ಟಿಗೆ ಹೊರಟವು. ಎರಡನೇ ಸುತ್ತಿನಲ್ಲಿ ಇವರು ಕಣ್ಣು ಮುಚ್ಚಿದರು. ನನ್ನ ಕೈ ಗಟ್ಟಿಯಾಗಿ ಹಿಡಿದು, "ಆ ಹಸಿರು ಗಾಡಿಯೊಳಗೆ ನನ್ನ ಗೇರಿದೆ" ಎಂದರು.

ಹಸಿರು ಗಾಡಿ ಮೈದುನನದು.

ಅಲ್ಲೇ ಹುಲ್ಲಿನ ಮೇಲೆ ಕೂತು ಜೇಬಿನ ಸ್ಕ್ರೂಡ್ರೈವರ್ ತೆಗೆದು, ಬೊಟ್ಟು ಒಡೆದು, ತಮ್ಮ ಗಾಡಿಯ ಗೇರುಪೆಟ್ಟಿಗೆ ಬಿಚ್ಚಿದರು. ಒಳಗೆ ಹಲ್ಲು ಉದುರಿದ ಅದೇ ಹಳೇ ಪ್ಲಾಸ್ಟಿಕ್ ಗೇರುಗಳು. ಬಣ್ಣ ಹೊಡೆಯಲು ಒಯ್ದವನು ಬೊಟ್ಟನ್ನೂ ಹೊಸದಾಗಿ ಇಟ್ಟಿದ್ದ.

ಗೆದ್ದ ಮೈದುನ ನಗುತ್ತಾ ಬಂದವನು ಬಿಚ್ಚಿದ ಪೆಟ್ಟಿಗೆ ನೋಡಿ ನಿಂತುಬಿಟ್ಟ. "ಅತ್ತಿಗೆ, ಅದು... ವಾಪಸ್ ಹಾಕಿಬಿಡೋಣ ಅಂತಲೇ ಇದ್ದೆ. ಒಂದು ಪಂದ್ಯ ಮುಗೀಲಿ ಅಂತ..."

"ಥೂ, ನಿನ್ನ ಮುಖಕ್ಕಿಷ್ಟು!" ಎಂದೆ. "ಕೇಳಿದ್ರೆ ಕೊಡ್ತಿರಲಿಲ್ಲವೇನೋ ನಿಮ್ಮಣ್ಣ?"

ಇವರು ನನ್ನ ತೋಳು ಹಿಡಿದು ತಡೆದರು.

"ಗೇರು ನೀನೇ ಇಟ್ಕೊಳ್ಳೋ" ಎಂದರು. ದನಿ ಏರಿರಲಿಲ್ಲ. "ಕಿವಿ ಹೋಗಿದೆ ಅಂತ ನಾನು ಕಂಪನಿಗೆ ಬರೆದುಕೊಟ್ಟೆನಲ್ಲ, ಅವತ್ತು ನೀನು ಪಕ್ಕದಲ್ಲೇ ನಿಂತಿದ್ದೆ. ಸಹಿ ಮಾಡೋಕೆ ಪೆನ್ನು ಕೊಟ್ಟೋನು ನೀನೇ."