ಗೊಲ್ಲಾಳಮ್ಮನ ವಿಮಾನ ನಡುಗಿದ ಹನ್ನೊಂದು ದಿನ

ಗೊಲ್ಲಾಳಮ್ಮ ನನಗೆ ಮಗಳೂ ಅಲ್ಲ, ಸೊಸೆಯೂ ಅಲ್ಲ. ನಡುಗೋಡೆಯ ಆಚೆ ಮನೆಯವಳು. ತವರು ವನದುರ್ಗ. ಹದಿನಾರು ವರ್ಷದ ಹಿಂದೆ ತಿರುಪತಿ ಎಂಬುವನನ್ನು ಮದುವೆಯಾಗಿ ತಿಂಥಣಿ ಹತ್ತಿರದ ನಮ್ಮ ಊರಿಗೆ ಬಂದಳು. ತಿರುಪತಿ ಹೊಳೆಯಲ್ಲಿ ಮೀನು ಹಿಡಿಯುತ್ತಾನೆ. ಈಕೆಯದು ಹೊಲದ ಕೂಲಿ. ಹತ್ತಿಗೆ ಎಣ್ಣೆ ಹೊಡೆಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಗಂಡಾಳುಗಳ ಸಾಲಿಗೆ ಸಾಲು ಕೊಟ್ಟು ನಡೆಯುತ್ತಿದ್ದಳು. ಎಣ್ಣೆ ಅಂದರೆ ನಮ್ಮ ಕಡೆ ಹುಳದ ಔಷಧಿ. ಸಂಜೆ ಬಂದು ಕಣ್ಣಿಗೆ ನೀರು ಎರಚಿಕೊಂಡು, ಉರಿ ಇಳಿಯುವವರೆಗೆ ನನ್ನ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂಡುತ್ತಿದ್ದಳು.

ಎರಡು ವರ್ಷದ ಹಿಂದೆ ನಮ್ಮ ಮಹಿಳಾ ಸಂಘಕ್ಕೆ ಡ್ರೋನ್ ಬಂತು. ಊರವರು ಅದಕ್ಕೆ ವಿಮಾನ ಎಂದೇ ಅನ್ನುತ್ತಾರೆ. ನಾಲ್ಕು ತೋಳು, ಒಂದೊಂದು ತೋಳಿಗೆ ಫ್ಯಾನಿನಂತೆ ಎರಡೆರಡು ರೆಕ್ಕೆ, ಹೊಟ್ಟೆಯಲ್ಲಿ ಹತ್ತು ಲೀಟರ್ ಹಿಡಿಯುವ ಡಬ್ಬಿ. ಹಾರಿಸುವವಳು ಹತ್ತನೇ ತರಗತಿ ಪಾಸಾಗಿರಬೇಕು ಎಂದರು. ಹದಿನೇಳು ಮಂದಿಯಲ್ಲಿ ಪಾಸಾದವಳು ಇವಳೊಬ್ಬಳೇ. ಹದಿನೈದು ದಿನ ತರಬೇತಿಗೆ ಹೋಗಿ ಬಂದಳು. ಮೊದಲ ದಿನ ಹೊಲಕ್ಕೆ ಹೊತ್ತುಕೊಂಡು ಹೊರಟಾಗ ಯಂಕಣ್ಣ ಪಾನ್ ಅಂಗಡಿಯ ಮುಂದೆ ನಿಂತು ಕೂಗಿದ:

“ಹೆಂಗಸರ ಕೈಯಾಗ ವಿಮಾನ ಕೊಟ್ಟಾರ. ಯಾರ ತಲಿ ಮ್ಯಾಲ ಬೀಳ್ತದೋ ಏನೋ.”

“ನಿನ್ನ ತಲಿ ಮ್ಯಾಲಂತೂ ಬೀಳಾಂಗಿಲ್ಲ ಮಾಮಾ,” ಅಂದಳು ಇವಳು. “ಬೀಳಾಕ ನೀ ಹೊಲಕ್ಕ ಬರಬೇಕಲ್ಲ.”

ಅವತ್ತಿನಿಂದ ಆ ವಿಮಾನ ಎಲ್ಲೂ ಬೀಳಲಿಲ್ಲ. ಹಾರಿಸುವಾಗ ಗೊಲ್ಲಾಳಮ್ಮ ಮಾತಾಡುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಿಮೋಟು ಎದೆಗೆ ಹಿಡಿದು, ಬದುವಿನ ಮೇಲೆ ಕಂಬದಂತೆ ನಿಲ್ಲುತ್ತಾಳೆ. ಹೊಲದ ಮಾಲೀಕ ಏನಾದರೂ ಕೇಳಿದರೆ ಇಳಿಸಿದ ಮೇಲೆ ಉತ್ತರ. “ಬೆನ್ನಿಗೆ ಪಂಪು ಇದ್ದಾಗ ನನ್ನ ಮಾತು ಯಾರೂ ಕೇಳ್ತಿರಲಿಲ್ಲ ಆಯಿ,” ಎಂದು ಒಮ್ಮೆ ಹೇಳಿದ್ದಳು. “ಈಗ ನಾ ಇಳಿಸೋ ತನಕ ಕಾಯ್ತಾರ.”

ವಿಮಾನ ಇಡುವುದು ನನ್ನ ಪಡಸಾಲೆಯಲ್ಲಿ. ಅವಳ ಮನೆಯಲ್ಲಿ ಬಲೆಗಳೇ ತುಂಬಿವೆ. ಒರೆಸುವ ಕೆಲಸ ನಾನೇ ಕೇಳಿ ಪಡೆದದ್ದು. ಒಣ ಬಟ್ಟೆಯಿಂದ ಒಂದೊಂದು ರೆಕ್ಕೆಯನ್ನೂ ಬುಡದಿಂದ ತುದಿಗೆ ಒರೆಸುತ್ತಿದ್ದೆ. ರೆಕ್ಕೆಗಳ ಮೇಲೆ ಇಂಗ್ಲಿಷ್ ಅಕ್ಷರ ಇವೆ. ನನಗೆ ಕನ್ನಡವೇ ಕೂಡಿಸಿ ಓದಬೇಕು. ಇಂಗ್ಲಿಷ್ ಎಲ್ಲಿಂದ ಬರಬೇಕು. ಆದರೆ ಕೆಲವು ರೆಕ್ಕೆಗೆ ಎತ್ತಿನ ಲಾಳದಂಥ ಗುರುತು ಒಂದಿದೆ, ಕೆಲವಕ್ಕೆ ಎರಡಿವೆ. ಒಂದು ಲಾಳದವು ಬಲಕ್ಕೆ ತಿರುಗುತ್ತವೆ, ಎರಡು ಲಾಳದವು ಎಡಕ್ಕೆ. ಅಷ್ಟು ನಾನು ನೋಡಿ ತಿಳಿದುಕೊಂಡಿದ್ದೆ.

ಶ್ರಾವಣದಲ್ಲಿ ಒಂದು ರೆಕ್ಕೆ ಜಾಲಿ ಟೊಂಗೆಗೆ ತಾಗಿ ಸೀಳಿತು. ಗೊಲ್ಲಾಳಮ್ಮ ಆ ತೋಳಿನ ಎರಡೂ ರೆಕ್ಕೆ ಬಿಚ್ಚಿ ಹೊಸ ಜೋಡಿ ಹಾಕಿದಳು. ಸೀಳದೆ ಉಳಿದದ್ದನ್ನು ನನ್ನ ಕೈಗೆ ಕೊಟ್ಟು, “ಇದನ್ನ ಒಗದುಬಿಡು ಆಯಿ,” ಅಂದಳು. ನೆಟ್ಟಗಿರುವ ಸಾಮಾನನ್ನು ಒಗೆಯುವುದು ನನ್ನ ಕೈಗೆ ಬರುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟೆ.

ದೀಪಾವಳಿ ಮುಗಿದ ಮೇಲಿನ ಸೋಮವಾರ ಅವಳು ಶಹಾಪುರಕ್ಕೆ ಹೋಗಿದ್ದಳು. ನಾನು ಒರೆಸುತ್ತ ವಿಮಾನವನ್ನು ಗೋಡೆಯ ಕಡೆ ಸರಿಸಿದೆ. ಹಿಂದೆ ಇದ್ದ ತಾಮ್ರದ ಕೊಡಕ್ಕೆ ನನ್ನ ಮೊಳಕೈ ತಾಗಿ, ಕೊಡ ಉರುಳಿ ಶ್ರಾವಣದಲ್ಲಿ ಹಾಕಿದ ಹೊಸ ಜೋಡಿಯ ಒಂದು ರೆಕ್ಕೆಯ ತುದಿಯ ಮೇಲೆ ಬಿತ್ತು. ಉಗುರಿನ ಅಗಲದಷ್ಟು ಸೀಳು. ವಿಮಾನದ ಪೆಟ್ಟಿಗೆಯಲ್ಲಿ ಇನ್ನೊಂದು ಹೊಸ ಜೋಡಿ ಇತ್ತು, ಆದರೆ ಅದನ್ನು ತೆಗೆದರೆ ಗೊತ್ತಾಗುತ್ತಿತ್ತು. ಸೀಳಿದ ರೆಕ್ಕೆಗೆ ಒಂದೇ ಲಾಳ. ಗೂಡಿನಲ್ಲಿದ್ದದ್ದಕ್ಕೂ ಒಂದೇ ಲಾಳ. ಒಂದರ ಮೇಲೊಂದು ಇಟ್ಟು ನೋಡಿದೆ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಅವಳು ಬಿಗಿಯುವುದನ್ನು ಹತ್ತು ಸಲ ನೋಡಿದ್ದೆ. ಅದೇ ಪಾನಾ ಹಿಡಿದು ಹಾಗೆಯೇ ಬಿಗಿದೆ. ಸೀಳಿದ್ದನ್ನು ಜೋಳದ ಚೀಲದೊಳಗೆ ತುರುಕಿದೆ.

ಮರುದಿನ ಭೀಮುವಿನ ಮೆಣಸಿನ ಹೊಲದಲ್ಲಿ ವಿಮಾನ ಮೇಲೆದ್ದು ಆಳೆತ್ತರಕ್ಕೆ ಹೋಗುವಷ್ಟರಲ್ಲಿ ನಡುಗತೊಡಗಿತು. ಜ್ವರ ಬಂದ ಕರುವಿನ ಮೈ ನಡುಗುವ ಹಾಗೆ. ರಿಮೋಟಿನಲ್ಲಿ ಕೆಂಪು ದೀಪ ಬಂತು. ಗೊಲ್ಲಾಳಮ್ಮ ಇಳಿಸಿದಳು.

“ಏನಾಯ್ತವಾ?” ಅಂದ ಭೀಮು.

“ಗೊತ್ತಿಲ್ಲಣ್ಣ. ಗೊತ್ತಾಗೋ ತನಕ ಹಾರಸಾಂಗಿಲ್ಲ.”

ಆ ಮಾತು ನನಗೆ ಕೇಳಿಸಿತು. ಅಲ್ಲಿಯೇ ಬದುವಿನ ಮೇಲೆ ನಿಂತಿದ್ದೆ. ಅದು ನಾನು ಹೇಳಬಹುದಾಗಿದ್ದ ಮೊದಲ ಹೊತ್ತು.

ಆಮೇಲೆ ಅವಳು ದಿನಕ್ಕೊಂದರಂತೆ ಪರೀಕ್ಷೆ ಮಾಡಿದಳು. ಡಬ್ಬಿಯೊಳಗೆ ನೀರು ತುಳುಕಿ ಹಾಗಾಗುತ್ತದೆಯೋ ಎಂದು ಖಾಲಿ ಡಬ್ಬಿಯಲ್ಲಿ ಎಬ್ಬಿಸಿದಳು, ನಡುಗಿತು. ಕಾಲು ಸಡಿಲವಾಗಿರಬಹುದು ಎಂದು ಬಿಗಿದಳು; ನಡುಗಿತು. ಔಷಧಿಯ ಪಂಪನ್ನೇ ಬಿಚ್ಚಿಟ್ಟು ಎಬ್ಬಿಸಿದಳು, ಆಗಲೂ ನಡುಗಿತು. ರೆಕ್ಕೆಗಳನ್ನು ಮುಟ್ಟಿ ನೋಡಿದಳು. ಸೀಳಿಲ್ಲ, ಸಡಿಲಿಲ್ಲ. ನಾನು ಒರೆಸಿ ಒರೆಸಿ ಹಳೆಯದೂ ಹೊಸದೂ ಒಂದೇ ಬಣ್ಣವಾಗಿದ್ದವು.

ಅಷ್ಟರಲ್ಲಿ ಭೀಮುವಿನ ಮೆಣಸಿನ ಎಲೆ ಮುದುಡಿತು. ಅವನು ಕೂಲಿಯವರನ್ನು ಕರೆದು ಪಂಪಿನಿಂದ ಹೊಡೆಸಿದ. ಯಂಕಣ್ಣ, “ನಾ ಮೊದಲs ಹೇಳಿದ್ದೆ,” ಅಂದ. ಯಾದಗಿರಿಯಿಂದ ಸಂಘಗಳನ್ನು ನೋಡಿಕೊಳ್ಳುವ ಮೇಡಂ ಫೋನು ಮಾಡಿ, ಶುಕ್ರವಾರ ಬರುತ್ತೇನೆ, ಹಾರಿಸುವವಳ ಅಲಕ್ಷ್ಯದಿಂದ ಕೆಟ್ಟಿದ್ದರೆ ವಿಮಾನವನ್ನು ಕೊಡೇಕಲ್ಲಿನ ಸಂಘಕ್ಕೆ ಕೊಡುತ್ತೇವೆ ಎಂದರು. ಆ ರಾತ್ರಿ ಗೊಲ್ಲಾಳಮ್ಮ ಗೋಡೆಯಾಚೆ ತಿರುಪತಿಗೆ, “ಹಳೇ ಪಂಪು ಎಲ್ಲಿಟ್ಟೀರಿ?” ಎಂದು ಕೇಳಿದ್ದು ನನಗೆ ಕೇಳಿಸಿತು. ಅದು ಎರಡನೇ ಹೊತ್ತು.

ಒಂಬತ್ತನೇ ದಿನ ಸುರಪುರದಿಂದ ನೀಲಕಂಠ ಬಂದ. ನೀರೆತ್ತುವ ಮೋಟರಿಗೆ ತಂತಿ ಸುತ್ತುವ ಕಸುಬಿನವನು, ತಿರುಪತಿಯ ಗೆಳೆಯ. ವಿಮಾನ ಎಂದೂ ಬಿಚ್ಚಿದವನಲ್ಲ.

“ಮೋಟರ್ ಅಂದ್ರ ಮೋಟರs ಅಲ್ಲೇನ್ರಿ ತಂಗಿ. ಬಾವ್ಯಾಗ ಇದ್ರೇನು, ಮುಗಿಲಾಗ ಇದ್ರೇನು?” ಅಂದ.

ಎಂಟೂ ರೆಕ್ಕೆ ಬಿಚ್ಚಿಸಿದ. ವಿಮಾನವನ್ನು ಅಂಗಳದ ಬೀಸುಕಲ್ಲಿಗೆ ಬಿಗಿಯಾಗಿ ಕಟ್ಟಿಸಿದ. ಅದರ ಬೆನ್ನ ಮೇಲೆ ತಾಟಿನಲ್ಲಿ ನೀರು ಇಟ್ಟು, ಬರಿ ಮೋಟರು ತಿರುಗಿಸಲು ಹೇಳಿದ. ನೀರು ಅಲುಗಲಿಲ್ಲ.

“ಮೋಟರಿಗೆ ರೋಗ ಇಲ್ಲ. ಈಗ ಒಂದೊಂದs ತೋಳಿಗೆ ರೆಕ್ಕಿ ಹಾಕ್ರಿ. ಎಲ್ಲಾರೂ ದೂರ ಸರೀರಿ.”

ಮೊದಲ ತೋಳು, ನೀರು ಸುಮ್ಮನಿತ್ತು. ಎರಡನೆಯದು, ಸುಮ್ಮನಿತ್ತು. ಮೂರನೆಯದಕ್ಕೆ ತಾಟಿನ ನೀರು ಸುತ್ತು ಸುತ್ತಾಗಿ ಗೆರೆ ಬಿಟ್ಟಿತು.

ನೀಲಕಂಠ ಆ ತೋಳಿನ ಎರಡು ರೆಕ್ಕೆ ಬಿಚ್ಚಿ, ಅಕ್ಕಸಾಲಿಗನಿಂದ ಕೇಳಿ ತಂದಿದ್ದ ಬಂಗಾರ ತೂಗುವ ತಕ್ಕಡಿಯಲ್ಲಿ ಇಟ್ಟ. ಒಂದಕ್ಕಿಂತ ಇನ್ನೊಂದು ಎರಡು ಗ್ರಾಂ ಹಗುರ. ಉಳಿದ ಜೋಡಿಗಳನ್ನೂ ತೂಗಿದ; ಅವು ಸರಿಸಮ ಇದ್ದವು.

“ಹೊಸ ಎತ್ತಿನ ಜೋಡಿ ಮುದಿ ಎತ್ತು ಹೂಡ್ಯಾರ ನೋಡ್ರಿ,” ಅಂದ. “ಧೂಳು ಮಣ್ಣಾಗ ತಿರುಗಿ ಅಂಚು ಸವದದ. ಕಣ್ಣಿಗೆ ಕಾಣಂಗಿಲ್ಲ. ಇದನ್ನ ಯಾರು ಹಾಕಿದ್ರು?”

ಎತ್ತು ಒಂದು ಸತ್ತರೆ ನನ್ನ ಗಂಡ ಉಳಿದದ್ದರ ಎತ್ತರ, ನಡಿಗೆ, ವಯಸ್ಸು ನೋಡಿ ಜೋಡಿ ತರಲು ಮೂರು ಸಂತೆ ತಿರುಗುತ್ತಿದ್ದರು. ಕೊಂಬು ಹೊಂದಿದರೆ ಸಾಲದು, ಹೆಗಲು ಹೊಂದಬೇಕು ಅನ್ನುತ್ತಿದ್ದರು. ನಲವತ್ತು ವರ್ಷ ಅದನ್ನು ಕೇಳಿದವಳು ನಾನು. ಲಾಳ ಎಣಿಸಿ ಜೋಡಿ ಕಟ್ಟಿದ್ದೆ.

ಗೊಲ್ಲಾಳಮ್ಮ ಆ ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖ ಸಣ್ಣದಾಯಿತು.

“ನಾನs ಹಾಕೀನೇನೋ ಅಣ್ಣ,” ಅಂದಳು. “ಶ್ರಾವಣದಾಗ ಹೊಸಾದು ಹಾಕುವಾಗ ಒಂದನ್ನ ಎಲ್ಲೋ ತಪ್ಪಿಸೀನಿ. ಆಮ್ಯಾಲ ಎರಡು ತಿಂಗಳು ಹ್ಯಾಂಗ ಹಾರಿತು, ಅದs ತಿಳಿವಲ್ದು. ನನ್ನ ಲಕ್ಷ್ಯ ಎಲ್ಲಿತ್ತೋ.”

ಅವಳು ಯಾರ ತಪ್ಪನ್ನೂ ಮುಚ್ಚುತ್ತಿರಲಿಲ್ಲ. ನಿಜವಾಗಿಯೂ ತನ್ನ ಕೈಯನ್ನೇ ಅನುಮಾನಿಸಿದ್ದಳು. ಆಗಲೂ ನಾನು ತಾಟಿನ ನೀರನ್ನು ತುಳಸಿ ಬುಡಕ್ಕೆ ಚೆಲ್ಲಿ ಒಳಗೆ ಹೋದೆ.

ಪೆಟ್ಟಿಗೆಯ ಹೊಸ ಜೋಡಿ ಹಾಕಿದ ಮೇಲೆ ವಿಮಾನ ನಡುಗಲಿಲ್ಲ. ಆದರೂ ಗೊಲ್ಲಾಳಮ್ಮ ಬಿಗಿದ ಬೋಲ್ಟನ್ನೇ ಮತ್ತೆ ಬಿಗಿಯುತ್ತಿದ್ದಳು.

ಶುಕ್ರವಾರ ಮೇಡಂ ಬಂದರು. ಸಂಘದವರೆಲ್ಲ ನನ್ನ ಪಡಸಾಲೆಯಲ್ಲಿ ಕೂತರು. ಗೊಲ್ಲಾಳಮ್ಮ ಎದ್ದು, “ಗಲತಿ ನನ್ನದs ಅದರಿ. ಮುಂದ ಯಾರ ಮ್ಯಾಲಾದ್ರೂ ಬಿದ್ರ ನಾ ತಡಕೊಳ್ಳಾಂಗಿಲ್ಲ. ಕೊಡೇಕಲ್ಲಿನವರಿಗೆ ಕೊಡ್ರಿ,” ಎಂದಳು. ಮೇಡಂ ಬರೆಯಲು ಪೆನ್ನು ತೆಗೆದರು.

ನಾನು ಜೋಳದ ಚೀಲಕ್ಕೆ ಕೈ ಹಾಕಿದೆ. ಮೊಳಕೈಯವರೆಗೂ ಹೋಗಬೇಕಾಯಿತು. ಸೀಳಿದ ರೆಕ್ಕೆಯನ್ನು ತಂದು ಮೇಡಂ ಮುಂದೆ ಇಟ್ಟೆ. ಕೊಡ ಬಿದ್ದದ್ದು, ಗೂಡಿನಿಂದ ತೆಗೆದದ್ದು, ಲಾಳ ನೋಡಿ ಹಾಕಿದ್ದು, ವಾರ ಯಾವುದು, ಹೊತ್ತು ಎಷ್ಟು, ಎಲ್ಲ ಹೇಳಿದೆ. ಮೇಡಂ ಪೆನ್ನು ಮುಚ್ಚಿ, ವಿಮಾನ ಇಲ್ಲಿಯೇ ಇರಲಿ, ಇನ್ನು ಗೊಲ್ಲಾಳಮ್ಮ ಬಿಟ್ಟು ಬೇರೆಯವರು ಮುಟ್ಟಬಾರದು ಎಂದು ಹೇಳಿ ಹೋದರು.

ಎಲ್ಲರೂ ಎದ್ದ ಮೇಲೆ ಗೊಲ್ಲಾಳಮ್ಮ ಕೂತೇ ಇದ್ದಳು.

“ಅವತ್ತs ಹೇಳಿದ್ರ ಏನಂತಿದ್ದೆ ಆಯಿ ನಾನು?” ಅಂದಳು.

“ಏನೂ ಅಂತಿರಲಿಲ್ಲ,” ಅಂದೆ.

“ಮತ್ತ?”

ಅವಳು ಬಯ್ದಿದ್ದರೆ ಚಲೋ ಇತ್ತು. ಸೀಳಿದ ರೆಕ್ಕೆಗೆ ಅಂಟಿದ್ದ ಎರಡು ಜೋಳದ ಕಾಳು ಬಿಡಿಸಿ ನನ್ನ ಕೈಯಲ್ಲಿಟ್ಟು ಎದ್ದು ಹೋದಳು.

ಈಗ ಅವಳು ಮೊದಲಿನಂತೆಯೇ ಹಾರಿಸುತ್ತಾಳೆ. ಭೀಮು ಮತ್ತೆ ಕರೆಯುತ್ತಾನೆ. ಆದರೆ ಬದುವಿನ ಮೇಲೆ ಹೋಗಿ ನಿಂತವಳು ಒಮ್ಮೆ ತಿರುಗಿ ಬರುತ್ತಾಳೆ. ಎಂಟೂ ರೆಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ, ಮತ್ತೆ ಹೋಗಿ ನಿಲ್ಲುತ್ತಾಳೆ. ಕೆಲವು ದಿನ ಎರಡು ಸಲ ಬರುತ್ತಾಳೆ. ಮೊದಲು ಹಾಗೆ ಮಾಡುತ್ತಿರಲಿಲ್ಲ. ಹೋದ ವಾರ ನಾನು ಬುತ್ತಿ ಒಯ್ದಾಗ, “ಎಲ್ಲಾ ಬರೋಬರಿ ಅದವಲ್ಲ ಆಯಿ?” ಎಂದು ನನ್ನನ್ನೇ ಕೇಳಿದಳು.

ಅದವ ಎಂದೆ. ಅವಳು ಆದರೂ ಬಗ್ಗಿ ಮೊದಲನೆಯದರಿಂದ ಮುಟ್ಟತೊಡಗಿದಳು. ನಾನು ಬುತ್ತಿ ಹಿಡಿದು ನಿಂತೆ.