ಸೂಜಿಗೆ ಹಚ್ಚಿದ ಕುಂಕುಮ

ಉಳವಪ್ಪನಿಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಲಾರಿ, ಟ್ರ್ಯಾಕ್ಟರ್, ರೋಡ್ ರೋಲರ್, ಯಾವುದರ ಹೊಟ್ಟೆಯಲ್ಲಿ ಯಾವ ವೈರ್ ಎಲ್ಲಿ ಹಾಯ್ದಿದೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯನಿಗೆ ಎರಡು ಗಾಲಿಯ ಮೇಲೆ ಕೂತರೆ ಕಾಲು ನೆಲ ಬಿಡುವುದಿಲ್ಲ. ಅದರ ಪಾಪ ಬಂದು ತಗುಲಿದ್ದು ನನಗೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅವನ ಶೆಡ್ಡಿನ ಎದುರಿಗೇ ನನ್ನ ಬಿಡಿಭಾಗಗಳ ಅಂಗಡಿ. ಎಲ್ಲಿಂದ ಕರೆ ಬಂದರೂ "ಶಂಭಣ್ಣಾ, ಗಾಡಿ ತಗೀ" ಅನ್ನುತ್ತಾನೆ. ಇಪ್ಪತ್ತು ವರ್ಷದಿಂದ ಬಯ್ಯುತ್ತ ಬಯ್ಯುತ್ತಲೇ ತೆಗೆಯುತ್ತಿದ್ದೇನೆ.

ಅವನ ಊರು ಅಮ್ಮಿನಬಾವಿ. ಸಾಲಿ ಏಳನೇ ಇಯತ್ತೆಗೇ ಮುಗಿಯಿತು. ಕೆಲಸ ಕಲಿತದ್ದು ಲಾರಿಗಳ ಅಡಿಯಲ್ಲಿ ಮಲಗಿ. ಅವನ ದೊಡ್ಡ ಆಸ್ತಿ ಒಂದು ಟೆಸ್ಟ್ ಲ್ಯಾಂಪು: ಸಣ್ಣ ಬಲ್ಬು, ಅದಕ್ಕೊಂದು ವೈರು, ವೈರಿನ ತುದಿಗೆ ಸೂಜಿ. ಸೂಜಿಯನ್ನು ಯಾವುದಾದರೂ ವೈರಿಗೆ ಚುಚ್ಚಬೇಕು, ಬಲ್ಬು ಹೊತ್ತಿದರೆ ಅಲ್ಲಿ ಕರೆಂಟ್ ಇದೆ. ಆ ಸೂಜಿಯಿಂದಲೇ ಅವನು ಹೆಸರು ಮಾಡಿದ್ದು.

ಎರಡು ಸಾವಿರದ ಐದರ ಹೊತ್ತಿಗೆ ಕಂಪ್ಯೂಟರ್ ಇಟ್ಟುಕೊಂಡ ಮಣ್ಣು ಅಗೆಯುವ ಯಂತ್ರಗಳು ಬಂದವು. ಮಾರುವವರು ಎರಡು ದಿನದ ತರಬೇತಿ ಇಟ್ಟರು. ಉಳವಪ್ಪ ನಲವತ್ತೆಂಟನೇ ವಯಸ್ಸಿನಲ್ಲಿ ನೋಟುಬುಕ್ ಹಿಡಿದು ಎಂಜಿನಿಯರುಗಳ ನಡುವೆ ಕೂತು ಬಂದ. ಬಂದವನೇ ಚಹಾ ಆರುವವರೆಗೆ ನನ್ನ ತಲೆ ತಿಂದ. ಯಂತ್ರದಲ್ಲಿ ಮೂರು ಪೆಟ್ಟಿಗೆ. ಒಂದು ಎಂಜಿನ್ನಿನದು, ಒಂದು ಎಣ್ಣೆಯ ಪಂಪಿನದು, ಇನ್ನೊಂದು ಆಪರೇಟರನ ಎದುರಿನ ಪರದೆ. ಮೂರೂ ಒಂದರೊಡನೊಂದು ಮಾತಾಡುವುದು ಜಡೆಯಂತೆ ಹೆಣೆದ ಎರಡು ತೆಳ್ಳನೆಯ ವೈರುಗಳ ಮೇಲೆ.

"ಬ್ಯಾಟರಿ ಬಂದ್ ಮಾಡಿ ಎರಡರ ನಡುವ ಮೀಟರ್ ಹಿಡೀಬೇಕು. ಅರವತ್ತ ಓಮ್ ತೋರಿಸಿದ್ರ ಮಾತುಕತಿ ಛಲೋ ನಡದೈತಿ. ನೂರಾ ಇಪ್ಪತ್ತ ಅಂದ್ರ ನಡುವ ಎಲ್ಲೋ ಮಾತ ಬಿಟ್ಟಾರ."

ಈ ವೈರುಗಳಿಗೆ ಸೂಜಿ ಚುಚ್ಚಬಾರದು, ತೂತಿನಿಂದ ನೀರು ಇಳಿದು ತಾಮ್ರ ತಿನ್ನುತ್ತದೆ ಎಂದೂ ಕಲಿಸಿದ್ದರು. ಅದನ್ನೂ ಬರೆದುಕೊಂಡಿದ್ದ. ಬರೆದು ನೋಟುಬುಕ್ ಮುಚ್ಚಿಟ್ಟಿದ್ದ.

ಎರಡು ವರ್ಷದ ಮೇಲೆ, ಡಿಸೆಂಬರಿನಲ್ಲಿ, ಗುತ್ತಿಗೆದಾರ ಶಾಂತಯ್ಯನ ಅಂಥದೊಂದು ಯಂತ್ರ ಧಾರವಾಡದ ಕೆಲಗೇರಿ ಕೆರೆಯ ಹತ್ತಿರ ರಸ್ತೆ ಕೆಲಸಕ್ಕೆ ನಿಂತಿತ್ತು. ಆಪರೇಟರ್ ಮೈಲಾರಿ, ಒಂಬತ್ತು ವರ್ಷದಿಂದ ಶಾಂತಯ್ಯನ ಹತ್ತಿರವೇ ಇದ್ದವನು. ದಿನಾ ಬೆಳಿಗ್ಗೆ ಪರದೆಯ ಮೇಲೆ ಸಂಪರ್ಕವಿಲ್ಲ ಎಂಬ ಸೂಚನೆ ಬರುವುದು. ಎಂಜಿನ್ ಗುರುಗುಟ್ಟಿದರೂ ಯಂತ್ರದ ಕೈ ಮೇಲೇಳದು. ಹನ್ನೊಂದರ ಹೊತ್ತಿಗೆ ಬಿಸಿಲೇರಿದಂತೆ ತಾನೇ ಸರಿಯಾಗುವುದು. ಬೆಳಗಾವಿಯಿಂದ ಎಂಜಿನಿಯರ್ ಬರುವುದರೊಳಗೆ ಮಧ್ಯಾಹ್ನ. ಅವನು ನೋಡಿ, ಏನೂ ಆಗಿಲ್ಲ ಎಂದು ಹೋದ. ಆಮೇಲೆ ನಾವು ಹೋದೆವು, ಅದೂ ಮಧ್ಯಾಹ್ನವೇ. ಮೀಟರು ಅರವತ್ತು ತೋರಿಸಿತು.

"ಮಷಿನ್ ಛಲೋ ಐತ್ರಿ, ಸಾವ್ಕಾರ್ರ" ಎಂದ ಉಳವಪ್ಪ.

ಶಾಂತಯ್ಯ ಮೈಲಾರಿಯ ಕಡೆ ತಿರುಗಿದ. "ಮೈಗಳ್ಳಾ! ಥಂಡ್ಯಾಗ ದುಡಿಯಾಕ ಆಗೂದಿಲ್ಲಂತ ನಾಟಕ ಹೂಡೀಯೇನು? ನಾಳೆ ಬ್ಯಾರೆ ಆಪರೇಟರ್ ಬರ್ತಾನ. ನೀ ಮನ್ಯಾಗ ಬೆಚ್ಚಗ ಮಲಗು."

ಮೈಗಳ್ಳ ಎಂಬ ಹೆಸರು ಒಮ್ಮೆ ಬಿದ್ದರೆ ಹುಬ್ಬಳ್ಳಿ-ಧಾರವಾಡದಲ್ಲಿ ಯಾವ ಗುತ್ತಿಗೆದಾರನೂ ಅವನನ್ನು ಯಂತ್ರ ಹತ್ತಗೊಡುವುದಿಲ್ಲ. ಮೈಲಾರಿಗೆ ಅದು ಗೊತ್ತಿತ್ತು. "ಕಾಕಾ, ನೀವರ ಹೇಳ್ರಿ. ಒಮ್ಮೆ ಮುಂಜಾನಿ ಬಂದು ನೋಡ್ರಿ" ಎಂದು ಉಳವಪ್ಪನ ಕೈ ಹಿಡಿದುಕೊಂಡ. ಉಳವಪ್ಪ ಕೈ ಬಿಡಿಸಿಕೊಂಡು ಸ್ಕೂಟರಿನ ಮೇಲೆ ನನ್ನ ಹಿಂದೆ ಬಂದು ಕೂತ.

ಹುಬ್ಬಳ್ಳಿ ಮುಟ್ಟಿದ ಮೇಲೆ ಹೇಳಿದ. "ಶಂಭಣ್ಣಾ, ನಾಳೆ ಐದೂವರಿಗೆ ಗಾಡಿ ತಗೀ."

"ಹುಚ್ಚ ಹಿಡದೈತೇನ ನಿನಗ?" ಎಂದೆ. ಮರುದಿನ ಮಫ್ಲರ್ ಸುತ್ತಿಕೊಂಡು, ಅವನ ಏಳು ತಲೆಮಾರನ್ನೂ ನೆನೆಯುತ್ತ, ಕರೆದುಕೊಂಡು ಹೋದೆ.

ಯಂತ್ರದ ಮೈಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಶಾಂತಯ್ಯ ಹೊಸ ಆಪರೇಟರನನ್ನು ಕರೆತಂದಿದ್ದ. ಮೈಲಾರಿ ದೂರದಲ್ಲಿ ಬುತ್ತಿ ಗಂಟು ಹಿಡಿದು ನಿಂತಿದ್ದ. ಉಳವಪ್ಪ ಬ್ಯಾಟರಿ ಬಂದ್ ಮಾಡಿ ಮೀಟರ್ ಹಿಡಿದ. ನೂರಾ ಇಪ್ಪತ್ತು.

"ಸಾವ್ಕಾರ್ರ, ಹುಡುಗ ಹೇಳಿದ್ದು ಖರೇ ಐತಿ."

ಶಾಂತಯ್ಯ ಸೋಲುವ ಪೈಕಿ ಅಲ್ಲ. "ಹಂಗಾದ್ರ ಇವನ ಕೆಡಿಸ್ಯಾನ. ಆ ಕ್ಯಾಬಿನ್ನಿನಾಗ ಇವನ್ನ ಬಿಟ್ಟು ಕೈ ಹಾಕಾವ್ರ ಯಾರದಾರ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ! ನನಗೆ ಸಿಟ್ಟು ಬಂತು. ಉಳವಪ್ಪ ಮಾತ್ರ ಸೀಟಿನ ಹಿಂದಿನ ತಗಡು ಬಿಚ್ಚಿ, ವೈರುಗಳ ಮೇಲಿನ ಕರಿ ಪೈಪು ಸರಿಸಿ, ಅಂಗುಲ ಅಂಗುಲ ಬೆರಳಾಡಿಸುತ್ತ ಹೋದ. ಒಂದು ಕಡೆ ಒತ್ತಿದಾಗ ಮೀಟರು ಅರವತ್ತಕ್ಕೆ ಇಳಿಯಿತು, ಬಿಟ್ಟಾಗ ನೂರಾ ಇಪ್ಪತ್ತಕ್ಕೆ ಏರಿತು. ಕನ್ನಡಕ ಹಾಕಿಕೊಂಡು ನೋಡಿದ. ಹಳದಿ ವೈರಿನಲ್ಲಿ ಸೂಜಿಮೊನೆಯಷ್ಟು ತೂತು. ಅದರೊಳಗೆ ಹಸಿರು ಕಿಲುಬು. ತೂತಿನ ಸುತ್ತ ಕೆಂಪು ಚುಕ್ಕಿ. ಕುಂಕುಮ.

ಅವನ ಕೈ ಅಲ್ಲೇ ನಿಂತಿತು. ನನಗೂ ನೆನಪಾಯಿತು. ಅಕ್ಟೋಬರಿನಲ್ಲಿ, ಆಯುಧ ಸಲಕರಣೆಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ, ಶಾಂತಯ್ಯ ಯಂತ್ರಕ್ಕೆ ಲೈಟಿನ ಸರ ಕಟ್ಟಲು ಕರೆಸಿದ್ದ. ಉಳವಪ್ಪ ಬೆಳಿಗ್ಗೆ ಶೆಡ್ಡಿನಲ್ಲಿ ತನ್ನ ಸಾಮಾನುಗಳಿಗೆಲ್ಲ ವಿಭೂತಿ ಕುಂಕುಮ ಏರಿಸಿ, ಸೂಜಿಯನ್ನು ಒರೆಸದೆ ಹಾಗೇ ತಂದಿದ್ದ. ಕರೆಂಟ್ ಹುಡುಕುತ್ತ ಈ ವೈರಿಗೆ ಚುಚ್ಚಿದ. ಬಲ್ಬು ಹೊತ್ತಲಿಲ್ಲ, ಮುಂದಿನದಕ್ಕೆ ಹೋದ. ಎರಡು ತಿಂಗಳ ಇಬ್ಬನಿ ಆ ತೂತಿನಿಂದ ಇಳಿದು ತಾಮ್ರ ತಿಂದಿತ್ತು. ಉಳಿದ ಎಳೆ ಚಳಿಗೆ ಕುಗ್ಗಿ ಬಿಡುತ್ತಿತ್ತು, ಬಿಸಿಲಿಗೆ ಹಿಗ್ಗಿ ಕೂಡುತ್ತಿತ್ತು.

ನಾನು ಕಿವಿಯಲ್ಲಿ ಹೇಳಿದೆ, "ಕತ್ತರಿಸಿ ಜೋಡಿಸಿಬಿಡು. ಇಲಿ ಕಡದೈತಿ ಅನ್ನು. ಅವನೂ ಉಳೀತಾನ, ನೀನೂ ಉಳೀತಿ."

"ಇಲಿ ಕುಂಕುಮಾ ಹಚ್ಕೊಂಡು ಬರ್ತಾವೇನ್ಲೇ?" ಎಂದ. ಆಮೇಲೆ ಕೆಳಗಿಳಿದು, ಎಲ್ಲರಿಗೂ ಕೇಳುವಂತೆ ಹೇಳಿದ. "ಸಾವ್ಕಾರ್ರ, ಇದು ನನ್ನ ಸೂಜಿ ಮಾಡಿದ್ದು. ಖಂಡೆ ಪೂಜಿ ಕುಂಕುಮಾ ಇನ್ನೂ ತೂತಿಗೆ ಹತ್ತೈತಿ. ಚುಚ್ಚಬಾರದಂತ ಗೊತ್ತಿದ್ದೂ ಚುಚ್ಚೇನಿ. ಮೈಲಾರಿದು ಏನೂ ತಪ್ಪಿಲ್ಲ."

ಶಾಂತಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ಮೈಲಾರಿಗೆ "ಹತ್ತು ಮ್ಯಾಲೆ" ಎಂದ, ಅಷ್ಟೇ. ಉಳವಪ್ಪನಿಗೆ "ರಿಪೇರಿ ಮುಗಿಸು. ಇನ್ನಮ್ಯಾಲೆ ನನ್ನ ಮಷಿನಿಗೆ ಕೈ ಹಚ್ಚಬ್ಯಾಡ" ಎಂದ. ಉಳವಪ್ಪ ಕೆಟ್ಟ ತುಂಡು ತೆಗೆದು, ಬೆಸುಗೆ ಹಾಕಿ, ಎರಡೂ ವೈರುಗಳನ್ನು ಮೊದಲಿನಂತೆ ಹೆಣೆದ. ಅರವತ್ತು.

ಮೈಲಾರಿ ಹತ್ತುವಾಗ ಒಂದು ಮಾತು ಅಂದ. "ಕಾಕಾ, ನಿನ್ನೆ ಎಲ್ಲಾರ ಮುಂದ ಮಷಿನ್ ಛಲೋ ಐತಿ ಅಂದಿದ್ರೆಲ್ಲ. ರಾತ್ರಿ ನಾ ಊಟಾ ಮಾಡ್ಲಿಲ್ರಿ."

ಆ ಮಾತು ಉಳವಪ್ಪನಿಗೆ ತಾಗಿತು. ಬಹಳ ದಿನ ಅದನ್ನೇ ಆಡುತ್ತಿದ್ದ. ಶಾಂತಯ್ಯ ಊರೆಲ್ಲ ಹೇಳಿದ್ದರಿಂದ ದೊಡ್ಡ ಯಂತ್ರಗಳ ಕೆಲಸ ನಿಂತಿತು. ಮತ್ತೆ ಲಾರಿಗಳ ಹಾರ್ನು, ಹೆಡ್‌ಲೈಟು. ಮೈಲಾರಿ ಈ ಕಡೆ ಸುಳಿಯಲಿಲ್ಲ.

ಮುಂದಿನ ಖಂಡೆ ಪೂಜೆಗೆ ನಾನು ಪ್ರಸಾದಕ್ಕೆಂದು ಶೆಡ್ಡಿಗೆ ಹೋದೆ. ಗೋಣಿಚೀಲದ ಮೇಲೆ ಪಾನಾ, ಪಕ್ಕಡ, ಮೀಟರು, ಎಲ್ಲದಕ್ಕೂ ವಿಭೂತಿ ಕುಂಕುಮ. ಸೂಜಿ ಮಾತ್ರ ಮೂಲೆಯಲ್ಲಿ ಬರಿದೇ ಬಿದ್ದಿತ್ತು. ಅಷ್ಟರಲ್ಲಿ ಮೈಲಾರಿ ಚಪ್ಪಲಿ ಕಳಚಿ ಒಳಗೆ ಬಂದ. ಕೈಮುಗಿದು ಎಲ್ಲವನ್ನೂ ನೋಡಿದ.

"ಇದಕ್ಕ ಯಾಕ ಹಚ್ಚಿಲ್ರಿ, ಕಾಕಾ?"

"ಅದಕ್ಕ ಬ್ಯಾಡ. ನಿನ್ನ ಅನ್ನಾ ಕಸೀತಿತ್ತದು."

ಮೈಲಾರಿ ಬಟ್ಟಲಿಗೆ ಬೆರಳದ್ದಿ ಸೂಜಿಯ ಬುಡಕ್ಕೆ ಕುಂಕುಮ ಹಚ್ಚಿದ. "ಇದಕ್ಕ ಕುಂಕುಮಾ ಇಲ್ಲದಿದ್ರ ಅವತ್ತ ನಾ ಕೆಡಿಸಿಲ್ಲಂತ ಯಾರ ನಂಬತಿದ್ರೀ?"

ಉಳವಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ನನ್ನ ಮೇಲೆ ಹಾಯ್ದ. "ಏನ್ ನೋಡ್ತಿ, ಶಂಭಣ್ಣಾ? ಹುಡುಗ ಬಂದಾನ, ಚಹಾ ಹೇಳು."