ನೀಲಿ ಡ್ರಮ್ಮಿಗೆ ಹಾಕಿದ ರೊಟ್ಟಿ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ.

ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ದುಡಿದು ನಿವೃತ್ತನಾದ ಮೇಲೆ, ವೈಟ್‌ಫೀಲ್ಡ್ ಆಚೆಯ ದೊಡ್ಡ ಸಂಗೀತ ಮೈದಾನದಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದೆ. ಕಾರ್ಯಕ್ರಮದ ದಿನ ಪ್ರೇಕ್ಷಕರ ಚೀಲ ನೋಡುವುದು ನನ್ನ ಪಾಲು. ಹೊರಗಿನ ತಿಂಡಿ ಬಿಡುವಂತಿರಲಿಲ್ಲ. ಒಳಗಿನ ಅಂಗಡಿಗಳಲ್ಲೇ ಕೊಳ್ಳಬೇಕು. ಕಿತ್ತುಕೊಂಡದ್ದನ್ನು ಪಕ್ಕದ ನೀಲಿ ಡ್ರಮ್ಮಿಗೆ ಹಾಕುತ್ತಿದ್ದೆ. ಬಾಳೆಹಣ್ಣು, ಚಿತ್ರಾನ್ನ, ಮಗುವಿನ ಹಾಲು ಬಿಸಿಲಿಗೆ ಕಲೆತು ಹುಳಿ ನಾತ ಏಳುತ್ತಿತ್ತು. ಒಳಗೆ ಬಿಯರ್ ಚೆಲ್ಲಿ ಅಂಟಂಟಾದ ಹುಲ್ಲು, ಪಕ್ಕೆಲುಬು ನಡುಗಿಸುವ ಸ್ಪೀಕರು. ವೇದಿಕೆಯವರು ಹಾಡುತ್ತಿದ್ದುದೇನೆಂದು ನನಗೆ ಒಂದು ದಿನವೂ ತಿಳಿಯಲಿಲ್ಲ.

ಶೌಚಾಲಯ ತೊಳೆಯುತ್ತಿದ್ದವಳು ಕಲಬುರಗಿ ಕಡೆಯ ಹೆಂಗಸು. ಕೆಲಸದವರ ಹಿಂದಿನ ಗೇಟಿನಿಂದ ಬರುತ್ತಿದ್ದಳು. ಪ್ರತಿ ಸಲ ನನಗೂ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನಗೆ ಹಲ್ಲಿಲ್ಲವೆಂದು ಖಡಕ್ ರೊಟ್ಟಿಯ ಬದಲು ಮೆತ್ತಗಿನವನ್ನು ಬೇರೆಯಾಗಿ ಬಡಿದು ತರುತ್ತಿದ್ದಳು.

ಒಂದು ಶನಿವಾರ ಹಿಂದಿನ ಗೇಟಿಗೆ ಲಾರಿ ಅಡ್ಡ ನಿಂತು, ಅವಳು ನನ್ನ ಸಾಲಿಗೆ ಬಂದಳು. ನನ್ನ ಬೆನ್ನಿಗೇ ಸೂಪರ್‌ವೈಸರ್ ನಿಂತಿದ್ದ.

“ಅಜ್ಜಾರ, ನಿಮ್ಮ ರೊಟ್ಟೀನೂ ಇದರಾಗ ಅದಾವ್ರಿ.”

ಸೂಪರ್‌ವೈಸರ್ ನಕ್ಕ. “ಏನ್ ತಾತ, ಗೇಟಲ್ಲೇ ಮೆಸ್ ಇಟ್ಕೊಂಡ್ಬಿಟ್ಟಿದ್ದೀರಾ?”

ಕೆಲಸದವರ ಊಟಕ್ಕೆ ಆ ನಿಯಮವಿಲ್ಲವೆಂದು ನನಗೆ ಗೊತ್ತಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಅದು ಬಿಟ್ಟು, “ಯಾರಮ್ಮ ನೀನು? ಹೊರಗಿನ ಊಟ ಬಿಡಲ್ಲ” ಎಂದು ಡಬ್ಬಿ ಬಿಚ್ಚಿ ಡ್ರಮ್ಮಿಗೆ ಸುರಿದೆ.

“ನಾ ಏನ್ ತಿನ್ಲಿ ಅಜ್ಜಾರ?”

“ಒಳಗೆ ತಗೋ.”

ಅಲ್ಲಿನ ಒಂದು ತಟ್ಟೆಯ ಬೆಲೆ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಂಜೆ ಶೌಚಾಲಯದ ಬಾಗಿಲಲ್ಲಿ ಯಾರೋ ಕಕ್ಕಿದ್ದ ನೂಡಲ್ಸನ್ನು ಅವಳು ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಬಳಿಯುತ್ತಿದ್ದಳು. ನನ್ನ ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ಮೂಗು ಮುಚ್ಚಿಕೊಂಡು ಹಾದುಹೋದೆ.

ಮುಂದಿನ ಕಾರ್ಯಕ್ರಮಕ್ಕೆ ಹಿಂದಿನ ಗೇಟು ತೆರೆದಿದ್ದರೂ ಅವಳು ನನ್ನ ಸಾಲಿಗೇ ಬಂದು, ಚೀಲವನ್ನು ತಾನೇ ತಲೆಕೆಳಗು ಮಾಡಿ ಕೊಡವಿದಳು. “ನೋಡ್ಕೋರಿ ಸಾರ್, ಏನೂ ಇಲ್ಲ.”

ಅಜ್ಜಾರ ಎನ್ನಲಿಲ್ಲ. ಸೂಪರ್‌ವೈಸರ್ ಕೂಡ ಅಲ್ಲಿರಲಿಲ್ಲ. ಆದರೂ ನಾನು “ಹೋಗಮ್ಮ” ಎಂದಷ್ಟೇ ಅಂದೆ. ಆಮೇಲೆ ಅವಳು ಕೆಲಸಕ್ಕೆ ಬರಲಿಲ್ಲ.

ಆ ಮೈದಾನದ ಹೊಲಸನ್ನು ಕಂಡಕಂಡವರ ಮುಂದೆ ಬೈದಿದ್ದೇನೆ. ಡ್ರಮ್ಮಿಗೆ ಸುರಿದ ಕೈ ಯಾರದೆಂದು ಮಾತ್ರ ಹೇಳಿರಲಿಲ್ಲ. ‘ತಪ್ಪಾಯಿತು’ ಎಂದು ನಾನು ಹೇಳದೆ ಬಿಟ್ಟದ್ದು ಅವಳಿಗೆ, ನನ್ನ ಬೊಚ್ಚು ಬಾಯಿಗೆಂದು ಮೆತ್ತಗಿನ ರೊಟ್ಟಿ ಬಡಿದು ತಂದ, ಶೌಚಾಲಯ ತೊಳೆಯುವ ಆ ಹೆಂಗಸಿಗೆ.